ನೆರಳು ಯಾರ ಸ್ವತ್ತು?

ನಮ್ಮ ಸಂಘದ ಸಾಹಿತ್ಯ ಸಮಾವೇಶದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗಲೆಲ್ಲ ಗಡಿನಾಡ ಕನ್ನಡದ ಸ್ಥಿತಿಗತಿಯನ್ನೋ, ಪೆದ್ದತುಂಬಳದ ಹಳೆಯ ಗುಡಿಗಳನ್ನೋ ಕುರಿತು ನಾಲ್ಕು ಪುಟ ಬರೆದುಕೊಡುವುದು ನಮ್ಮ ವಾಡಿಕೆ. ಈ ಸಲ ಆ ವಾಡಿಕೆಯನ್ನು ಮುರಿಯುತ್ತಿದ್ದೇವೆ. ಈ ಬಾರಿ ನಾವು ಬರೆಯಹೊರಟಿರುವುದು ಉದ್ಯಾನವನವೊಂದರ ಬಾಗಿಲನ್ನು ಕುರಿತು. ಸಾಹಿತ್ಯ ಸಮಾವೇಶಕ್ಕೂ ಉದ್ಯಾನದ ಬಾಗಿಲಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆಯೆಂದು ನಮಗೆ ತೋರಿದೆ. ಇಲ್ಲವೆನಿಸಿದರೆ ನಿವೃತ್ತ ಮೇಷ್ಟರೊಬ್ಬರ ಹರಟೆಯೆಂದು ಕ್ಷಮಿಸಬೇಕು.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಸಿಬಿಡುತ್ತೇವೆ. ಎಂಬತ್ತರ ದಶಕದಲ್ಲಿ ನಾವು ಸಹಶಿಕ್ಷಕರಾಗಿದ್ದ ಶಾಲೆಯಲ್ಲಿ ಪ್ರತಿವರ್ಷ ಶ್ರಾವಣದ ಒಂದು ಶನಿವಾರ ಮಕ್ಕಳನ್ನು ಆದವಾನಿಯ ರಣಮಂಡಲ ಗುಡ್ಡಕ್ಕೆ ಕರೆದೊಯ್ಯುವ ಪದ್ಧತಿಯಿತ್ತು. ಮೇಲೆ ಆಂಜನೇಯನ ದರ್ಶನ, ಬಂಡೆಯ ನೆರಳಿನಲ್ಲಿ ಬುತ್ತಿಯೂಟ, ಊರನ್ನೆಲ್ಲ ಮೇಲಿನಿಂದ ನೋಡಿ ತಮ್ಮ ತಮ್ಮ ಮನೆ ಯಾವುದೆಂದು ಗುರುತು ಹಿಡಿಯುವ ಗಲಾಟೆ, ಸಂಜೆಗೆ ಇಳಿದು ಬರುವುದು. ಆಗ ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮೂರು ವರ್ಷದವನಿದ್ದಾಗ ಬಂದ ಪೋಲಿಯೋ ಜ್ವರದಿಂದ ಅವನ ಎರಡೂ ಕಾಲುಗಳು ಸೊರಗಿದ್ದವು. ತರಗತಿಗೆ ಅಣ್ಣನ ಹೆಗಲೇರಿ ಬರುತ್ತಿದ್ದ. ಲೆಕ್ಕದಲ್ಲಿ ಎಲ್ಲರಿಗಿಂತ ಚುರುಕು. ಗುಡ್ಡದ ಬುಡ ತಲುಪಿದೊಡನೆ ನಾವು ಅವನಿಗೆ, "ನೀನು ಇಲ್ಲೇ ಕೂಡಪ್ಪಾ, ಎಲ್ಲರ ಚಪ್ಪಲಿ ನೋಡ್ಕೋ" ಎಂದು ಹೇಳಿದೆವು. ಅವನು ಕೂತ. ನಲವತ್ತು ಜೊತೆ ಚಪ್ಪಲಿ, ಒಬ್ಬ ಹುಡುಗ, ಒಂದು ಬೇವಿನ ಮರ. ಇಳಿದು ಬಂದಾಗ ಅವನಿಗೆ ಎಲ್ಲರಿಗಿಂತ ಒಂದು ಬಾಳೆಹಣ್ಣು ಹೆಚ್ಚಿಗೆ ಕೊಟ್ಟೆವು. ಮರುವರ್ಷವೂ ಹಾಗೆಯೇ, ಅದರ ಮುಂದಿನ ವರ್ಷವೂ ಹಾಗೆಯೇ. ಅವನಿಗೊಂದು ಜವಾಬ್ದಾರಿ ವಹಿಸಿ ಅವನ ಮನಸ್ಸು ನೋಯದಂತೆ ನೋಡಿಕೊಂಡೆವೆಂಬ ಸಮಾಧಾನ ನಮಗಿತ್ತು. ಆ ಸಮಾಧಾನ ಸುಮಾರು ಮೂವತ್ತೈದು ವರ್ಷ ಬಾಳಿತು.

ಕಳೆದ ವರ್ಷ ಅದು ಮುಗಿಯಿತು. ಒಂದು ಸಂಜೆ ಉದ್ಯಾನದ ಬಳಿ ಹೋಗುತ್ತಿದ್ದಾಗ ರಸ್ತೆಯ ಅಂಚಿನಲ್ಲಿ ಮೂರು ಗಾಲಿಯ ವಾಹನದ ಮೇಲೆ ಕುಳಿತಿದ್ದವರೊಬ್ಬರು ಕೈಮುಗಿದರು. ಅದೇ ಹುಡುಗ, ಈಗ ತಲೆ ನರೆತಿದೆ, ಹತ್ತಿಯ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಕಿರಿಯ ಮಗಳು ಒಳಗೆ ಜೋಕಾಲಿಯಾಡುತ್ತಿದ್ದಾಳೆಂದು ತೋರಿಸಿದ. "ಬಿಸಿಲಾಗ ಯಾಕೆ ಕೂತೀಯಪ್ಪಾ, ಒಳಗ ನಡಿ" ಎಂದೆವು. ಅವನು ಬಾಗಿಲ ಕಡೆ ಕೈಮಾಡಿದ. ಒಬ್ಬೊಬ್ಬರೇ ಅಡ್ಡಾಗಿ ಸರಿದು ಹೋಗುವಂತೆ ಅಲ್ಲಿ ಕಬ್ಬಿಣದ ಕೊಳವೆಗಳನ್ನು ಓರೆಯಾಗಿ ನೆಟ್ಟಿದ್ದರು. ದೊಡ್ಡ ಬಾಗಿಲಿಗೆ ಬೀಗ. ನಾವು ದಿನವೂ ಅದೇ ಕೊಳವೆಗಳ ನಡುವೆ ನುಸುಳಿ ಒಳಗೆ ಹೋಗುವವರು. ಅವನ್ನು ಒಮ್ಮೆಯೂ ಕಂಡಿರಲಿಲ್ಲ. ಅವನು ನಗುತ್ತಲೇ ಹೇಳಿದ: "ಆವಾಗ ಚಪ್ಪಲಿ ಕಾಯ್ತಿದ್ದೆ ಸಾರ್, ಈಗ ಗೇಟ್ ಕಾಯ್ತೀನಿ."

ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು.

ಯಾವ ಊರು, ಯಾವ ಉದ್ಯಾನವೆಂದು ನಾವು ಹೇಳುವುದಿಲ್ಲ. ಇಂಥ ಬಾಗಿಲು ಎಷ್ಟೋ ಊರುಗಳಲ್ಲಿದೆ. ಅದನ್ನು ಹಾಕಿದವರು ಕೆಟ್ಟವರೇನಲ್ಲ. ದನಗಳು ನುಗ್ಗಿ ಗಿಡ ಮೇಯಬಾರದು, ಹುಡುಗರು ಮೋಟಾರ್ ಸೈಕಲ್ ಒಳಗೆ ಓಡಿಸಬಾರದು ಎಂಬುದಷ್ಟೇ ಅವರ ಉದ್ದೇಶ. ನಮ್ಮ ಶಿಷ್ಯನನ್ನು ಹೊರಗಿಡಬೇಕೆಂದು ಯಾರೊಬ್ಬರೂ ಕುಳಿತು ಯೋಚಿಸಲಿಲ್ಲ. ಅವನು ಅವರ ಯೋಚನೆಯೊಳಕ್ಕೆ ಬರಲೇ ಇಲ್ಲ. ನಮ್ಮನ್ನು ಕಾಡುವ ಪ್ರಶ್ನೆ ಇದೇ: ತಪ್ಪು ಮಾಡಿದವನೇ ಇಲ್ಲದ ಕಡೆ ತಪ್ಪು ಇರಬಲ್ಲುದೆ? ನೀತಿಶಾಸ್ತ್ರದ ಪಾಠಗಳಲ್ಲಿ ನಾವು ಮಕ್ಕಳಿಗೆ ಹೇಳಿಕೊಟ್ಟದ್ದೆಲ್ಲ ಸಂಕಲ್ಪವನ್ನು ಕುರಿತು. ಸುಳ್ಳು ಹೇಳಬೇಡ, ಕದಿಯಬೇಡ, ನೋಯಿಸಬೇಡ. ಇವೆಲ್ಲದರ ಹಿಂದೆ ಕರ್ತೃವೊಬ್ಬನಿದ್ದಾನೆ, ಅವನಿಗೊಂದು ಮನಸ್ಸಿದೆ. ಯಾರ ಮನಸ್ಸಿನಲ್ಲೂ ಕೇಡಿಲ್ಲದೆ ನಡೆಯುವ ಅನ್ಯಾಯಕ್ಕೆ ನಮ್ಮ ಪಾಠದಲ್ಲಿ ಹೆಸರಿರಲಿಲ್ಲ.

ಹಳೆಯ ಅನ್ಯಾಯಗಳಿಗೆ ಹೆಸರೂ ಇತ್ತು, ಮುಖವೂ ಇತ್ತು. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಅವರು ಮಹಾಡದ ಚವದಾರ್ ಕೆರೆಯ ನೀರನ್ನು ಮುಟ್ಟಿ ಕುಡಿದಾಗ ಎದುರು ನಿಂತವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ದಕ್ಷಿಣ ಆಫ್ರಿಕದಲ್ಲಿ 1953ರಲ್ಲಿ ಕಾನೂನನ್ನೇ ಮಾಡಿ ಉದ್ಯಾನದ ಬೆಂಚುಗಳನ್ನು ಬಿಳಿಯರಿಗೆ ಬೇರೆ, ಇತರರಿಗೆ ಬೇರೆ ಎಂದು ಹಂಚಿದರು. 1990ರಲ್ಲಿ ಆ ಕಾನೂನು ರದ್ದಾಯಿತು. ಅಲ್ಲಿ ಬೆಂಚಿನ ಮೇಲೆ ಅಕ್ಷರವಿತ್ತು, ಅಕ್ಷರವನ್ನು ಅಳಿಸಬಹುದಿತ್ತು. ಕೊಳವೆಯ ಬಾಗಿಲಿನ ಮೇಲೆ ಯಾವ ಅಕ್ಷರವೂ ಇಲ್ಲ. ನಮ್ಮ ಸಂವಿಧಾನದ 15ನೆಯ ಅನುಚ್ಛೇದದ ಎರಡನೆಯ ಖಂಡವು ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಹಾಗೂ ಜನ ಸೇರುವ ಸಾರ್ವಜನಿಕ ಸ್ಥಳಗಳ ಬಳಕೆಯಲ್ಲಿ ಧರ್ಮ, ಜಾತಿ, ಲಿಂಗ ಮೊದಲಾದ ಕಾರಣಗಳಿಂದಷ್ಟೇ ಯಾವ ಪ್ರಜೆಗೂ ಅಡ್ಡಿಯಾಗಕೂಡದೆಂದು ವಿಧಿಸಿದೆ. ಆ ಅಡ್ಡಿಗೆ ಇಂಗ್ಲಿಷ್ ಮೂಲದಲ್ಲಿ ಬಳಸಿರುವ ಪದ 'ಡಿಸೆಬಿಲಿಟಿ'. ಇಂದು ಅಂಗವಿಕಲತೆಗೆ ಬಳಸುವುದೂ ಅದೇ ಪದವನ್ನು. ಸಂವಿಧಾನ ಬರೆದವರ ಮನಸ್ಸಿನಲ್ಲಿದ್ದದ್ದು ಕಾನೂನಿನ ಅರ್ಥ, ಸಮಾಜವು ಒಬ್ಬನ ಮೇಲೆ ಹೇರುವ ಅನರ್ಹತೆ. ಆದರೆ ಪದಗಳು ಕೆಲವೊಮ್ಮೆ ಬರೆದವರಿಗಿಂತ ದೂರ ನೋಡುತ್ತವೆ. ನಮ್ಮ ಶಿಷ್ಯನ ಅಡ್ಡಿ ಎಲ್ಲಿದೆ, ಅವನ ಕಾಲಿನಲ್ಲೋ, ಆ ಕೊಳವೆಯಲ್ಲೋ? ಕಾಲು ಎಲ್ಲ ಕಡೆಯೂ ಅದೇ ಕಾಲು. ಮಿಲ್ಲಿನ ಕಚೇರಿಗೆ ಅವನು ತಾನೇ ಹೋಗುತ್ತಾನೆ, ಏಕೆಂದರೆ ಅದರ ಬಾಗಿಲು ನೆಲಮಟ್ಟದಲ್ಲಿದೆ, ಹತ್ತಿಯ ಅಂಡಿಗೆ ಸಾಗಲೆಂದು ಅಗಲವಾಗಿದೆ. ಹತ್ತಿಗೆ ಸಿಕ್ಕ ದಾರಿ ಅವನಿಗೂ ಸಿಕ್ಕಿದೆ.

ಗಡಿನಾಡ ಕನ್ನಡಿಗರಾದ ನಮಗೆ ಈ ಬಗೆಯ ಅನುಭವ ಪೂರ್ತಿ ಹೊಸದಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಇತ್ತ ಬಂದವು, ಉಳಿದವು ಮೈಸೂರಿಗೆ ಸೇರಿದವು. ಗೆರೆ ಎಳೆದವರಿಗೆ ನಮ್ಮ ಮನೆಮಾತಿನ ಮೇಲೆ ದ್ವೇಷವೇನೂ ಇರಲಿಲ್ಲ; ಲೆಕ್ಕ ಹಾಕುವಾಗ ನಾವು ಗೆರೆಯ ಈಚೆ ಉಳಿದೆವು, ಅಷ್ಟೆ. ಯಾರೂ ಕೇಡು ಬಗೆಯದೆಯೂ ಹೊರಗುಳಿಯಬಹುದೆಂಬುದನ್ನು ಎಪ್ಪತ್ತು ವರ್ಷಗಳಿಂದ ಸಭೆಗಳಲ್ಲಿ ಹೇಳಿಕೊಂಡು ಬಂದವರು ನಾವು. ಆ ನಾವೇ ಕೊಳವೆಯನ್ನು ಕಾಣದೆ ಹೋದೆವು.

ನೆರಳನ್ನು ಎಲ್ಲರಿಗೂ ಸಲ್ಲುವ ದಾನವೆಂದು ಬಗೆದವರು ನಮ್ಮ ಸೀಮೆಗೆ ಅಪರಿಚಿತರಲ್ಲ. ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಅವನ ಎರಡನೆಯ ಬಂಡೆಶಾಸನದ ವಿಷಯವೇ ಇದು: ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು, ದಾರಿಗಳಲ್ಲಿ ಬಾವಿ ತೋಡಿಸಿ ಮರ ನೆಡಿಸಿದ್ದು, ಅವೆಲ್ಲ ಮನುಷ್ಯರ ಹಾಗೂ ಪಶುಗಳ ಉಪಯೋಗಕ್ಕೆಂದು. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಅರಸನೊಬ್ಬ ಎತ್ತಿಗೂ ನೆರಳಿನಲ್ಲಿ ಪಾಲು ಕೊಟ್ಟ. ನಾವು ಎತ್ತನ್ನು ತಡೆಯಹೋಗಿ ಮನುಷ್ಯನನ್ನೂ ತಡೆದೆವು. ಇನ್ನೊಂದು ನಿದರ್ಶನ ಹತ್ತಿರದ ಕಾಲದ್ದು. ದತ್ತ ಮಂಡಲಗಳ ಮೊದಲ ಕಲೆಕ್ಟರಾಗಿದ್ದು ಮುಂದೆ ಮದರಾಸಿನ ಗವರ್ನರಾದ ಥಾಮಸ್ ಮನ್ರೊ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ಮದರಾಸಿನಲ್ಲಿ ಅವನಿಗೆ ಕುದುರೆಯೇರಿದ ಪ್ರತಿಮೆ ನಿಂತಿತು. ಅವನು ಸತ್ತ ಊರಿನಲ್ಲಿ ಸರಕಾರ ಮಾಡಿಸಿದ್ದು ಒಂದು ಬಾವಿ, ಒಂದು ತೋಪು. ಯಾವುದು ಉತ್ತಮ ಸ್ಮಾರಕವೆಂದು ನಮ್ಮನ್ನು ಕೇಳಿದರೆ ತೋಪು ಎಂದೇ ಹೇಳುತ್ತೇವೆ. ಪ್ರತಿಮೆಯ ಕೆಳಗೆ ಯಾರೂ ಬುತ್ತಿ ಬಿಚ್ಚುವುದಿಲ್ಲ.

ನಮ್ಮ ಹಳ್ಳಿಗಳ ಅರಳಿಕಟ್ಟೆಯನ್ನು ಈ ಮಾಲೆಯಲ್ಲಿ ಸೇರಿಸಲು ಮನಸ್ಸಾಗುತ್ತದೆ, ಸೇರಿಸಲು ಬಾಯಿ ಬರುವುದಿಲ್ಲ. ಕಟ್ಟೆಯ ಮೇಲೆ ಕುಳಿತವರು ಯಾರು? ನಮ್ಮ ಬಾಲ್ಯದಲ್ಲಿ ನಾವು ಕಂಡಂತೆ, ಊರಿನ ಗಂಡಸರು, ಅವರಲ್ಲೂ ಕೆಲವು ಕೇರಿಗಳವರು. ನಮ್ಮ ತಾಯಿ ತೊಂಬತ್ತರ ಹತ್ತಿರ ಬದುಕಿದರು. ಕಟ್ಟೆಯ ಮೇಲೆ ಒಂದು ದಿನವೂ ಕುಳಿತವರಲ್ಲ. ಅವರಿಗೆ ಹೊರಗಾಳಿ ದೊರೆಯುತ್ತಿದ್ದದ್ದು ಬಾವಿಗೆ ಹೋಗುವ ದಾರಿಯಲ್ಲಿ, ತಲೆಯ ಮೇಲೆ ಕೊಡವಿದ್ದಾಗ. ಹಿಂದೆ ಎಲ್ಲವೂ ಎಲ್ಲರದಾಗಿತ್ತು, ಈಗ ಕೆಟ್ಟಿತು ಎನ್ನುವವರ ಗುಂಪಿಗೆ ನಾವು ಸೇರಲಾರೆವು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು, ಅದು ಬಲವಾದದ್ದೇ. ನಮ್ಮ ಹಿರಿಯ ಸದಸ್ಯರೊಬ್ಬರು ಈ ಲೇಖನದ ಕರಡು ನೋಡಿ, "ಕುಡಿಯೋ ನೀರಿಗೇ ತತ್ವಾರ ಇರೋ ಸೀಮೆ ನಮ್ಮದು, ಉದ್ಯಾನದ ಬಾಗಿಲಿಗೆ ಅಳ್ತೀರಲ್ಲ ಮೇಷ್ಟ್ರೇ" ಎಂದರು. ಮಳೆ ಕೈಕೊಟ್ಟರೆ ಕೋಸಿಗಿ, ಕೌತಾಳಂ, ಮಂತ್ರಾಲಯ ಕಡೆಯ ಹಳ್ಳಿಗಳು ಅರೆಬರಿದಾಗುತ್ತವೆ. ಮೆಣಸಿನಕಾಯಿ ಕೀಳಲು, ಹತ್ತಿ ಬಿಡಿಸಲು ಗುಂಟೂರಿನ ಕಡೆ ಗುಳೆ ಹೋಗುವ ಸಂಸಾರಗಳ ಜೊತೆಗೆ ಮಕ್ಕಳೂ ಹೋಗುತ್ತಾರೆ. ನಮ್ಮ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ತಿಂಗಳುಗಟ್ಟಲೆ ಸೊನ್ನೆ ಬರೆದವರು ನಾವೇ. ಹೊಟ್ಟೆ ಮೊದಲು, ವಿಹಾರ ಆಮೇಲೆ ಎಂಬ ಮಾತಿಗೆ ಎದುರಾಡುವುದು ಸುಲಭವಲ್ಲ.

ಆದರೂ ಆ ಮಾತಿನಲ್ಲಿ ಒಂದು ಲೋಪವಿದೆ. ಹೊಟ್ಟೆ ತುಂಬಿದವನಿಗೆ ಸಾರ್ವಜನಿಕ ಉದ್ಯಾನ ಅಷ್ಟಾಗಿ ಬೇಡ. ಅವನ ಮನೆಗೆ ಅಂಗಳವಿದೆ, ಮಾಳಿಗೆಯಿದೆ. ಬೇಸರವಾದರೆ ಕಾರು ಹತ್ತಿ ಹಂಪೆಗೆ ಹೋಗುತ್ತಾನೆ. ಒಂದೇ ಕೋಣೆಯ ಮನೆಯಲ್ಲಿ ಆರು ಜನ ಮಲಗುವ ಸಂಸಾರಕ್ಕೆ ಮನೆಯ ಹೊರಗಣ ಜಾಗವೇ ಅಂಗಳ, ಅದೇ ಮಾಳಿಗೆ. 2011ರ ಜನಗಣತಿಯಲ್ಲೇ ಆದವಾನಿಯ ಜನಸಂಖ್ಯೆ ಒಂದು ಲಕ್ಷ ಅರುವತ್ತು ಸಾವಿರವನ್ನು ಮೀರಿತ್ತು. ಅಷ್ಟು ಜನ ಮರದ ಕೆಳಗೆ ಕೂರಬೇಕೆಂದರೆ ಎಷ್ಟು ಮರ ಬೇಕು ಎಂಬ ಲೆಕ್ಕವನ್ನು ನಾವು ಮಕ್ಕಳಿಗೆ ಒಮ್ಮೆಯೂ ಕೊಡಲಿಲ್ಲ. ಉದ್ಯಾನವನ್ನು ಸಿರಿವಂತರ ಶೋಕಿಯೆಂದು ತಿಳಿದು ಬಡವರ ಪರವಾಗಿ ಅದನ್ನು ಬೇಡವೆನ್ನುವುದು ಬಡವರ ಪಾಲನ್ನೇ ಬಿಟ್ಟುಕೊಟ್ಟಂತೆ.

ಈಗ ನಮ್ಮ ಎರಡನೆಯ ತಪ್ಪು. ಇದು ಹೆಚ್ಚು ಹಳೆಯದಲ್ಲ. ಬೆಳಗಿನ ಹೊತ್ತು ಉದ್ಯಾನದಲ್ಲಿ ತಿರುಗಾಡುವ ನಿವೃತ್ತರ ಬಳಗವೊಂದು ನಮ್ಮದಿದೆ. ಹಗಲಿನಲ್ಲಿ ಕೆಲವರು ಒಳಗೆ ಬಂದು ಇಸ್ಪೀಟಾಡುತ್ತಾರೆ, ಬೀಡಿಯ ತುಂಡು ಎಸೆಯುತ್ತಾರೆ, ಬೆಂಚಿನ ಮೇಲೆ ಮಲಗುತ್ತಾರೆ ಎಂಬ ಸಿಟ್ಟಿನಿಂದ, ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರ ತನಕ ಬಾಗಿಲು ಹಾಕಬೇಕೆಂದು ನಾವೆಲ್ಲ ಅರ್ಜಿ ಕೊಟ್ಟೆವು. ಅರ್ಜಿಯ ಒಕ್ಕಣೆ ನಮ್ಮದೇ, ಮೊದಲ ಸಹಿಯೂ ನಮ್ಮದೇ. ಮುಖ್ಯೋಪಾಧ್ಯಾಯರ ಸಹಿಗೆ ತೂಕವಿದೆಯೆಂದು ಮಿತ್ರರು ಹುರಿದುಂಬಿಸಿದರು. ಅರ್ಜಿ ಮಂಜೂರಾಯಿತು. ನಾವು ಚಹಾ ಕುಡಿದು ಸಂತೋಷಪಟ್ಟೆವು.

ಆ ವರ್ಷದ ಏಪ್ರಿಲ್ ತಿಂಗಳಿನಲ್ಲಿ, ಬಿಸಿಲು ನಲವತ್ತು ಡಿಗ್ರಿ ದಾಟಿದ ಒಂದು ಮಧ್ಯಾಹ್ನ, ಪೆನ್ಷನ್ ಕೆಲಸಕ್ಕೆಂದು ಬ್ಯಾಂಕಿಗೆ ಹೋಗಿ ಆ ದಾರಿಯಲ್ಲಿ ಮರಳುತ್ತಿದ್ದೆವು. ಉದ್ಯಾನದ ಕಾಂಪೌಂಡಿನ ಹೊರಗೆ, ಗೋಡೆಗೆ ಬೆನ್ನುಕೊಟ್ಟು ಏಳೆಂಟು ಹೆಂಗಸರು ಸಾಲಾಗಿ ಕುಳಿತು ರೊಟ್ಟಿ ತಿನ್ನುತ್ತಿದ್ದರು. ಹತ್ತಿ ಆರಿಸುವ ಕೂಲಿಗೆ ಬರುವವರು. ಸೆರಗಿನ ತುಂಬ ಹತ್ತಿಯ ಎಳೆ. ಮೊದಲು ಅವರು ಊಟದ ಹೊತ್ತಿಗೆ ಒಳಗೆ ಹೊಂಗೆಮರದ ಕೆಳಗೆ ಕೂರುತ್ತಿದ್ದರಂತೆ. ಈಗ ಅದೇ ಮರದ ನೆರಳಿನಲ್ಲಿ ಗೋಡೆಯನ್ನು ದಾಟಿ ಹೊರಗೆ ಬಿದ್ದಿದ್ದ ಎರಡು ಮೊಳದಷ್ಟು ಅಗಲದ ಪಟ್ಟಿಯಲ್ಲಿ ಕುಳಿತಿದ್ದರು. ಒಬ್ಬಾಕೆಯ ಮೊಣಕಾಲು ಬಿಸಿಲಿಗೆ ಬಿದ್ದಿತ್ತು. ಒಳಗೆ ಇಡೀ ನೆರಳು ಖಾಲಿಯಿತ್ತು.

ಇಸ್ಪೀಟಿನವರನ್ನು ಓಡಿಸಹೋದ ನಾವು ಇವರನ್ನು ಓಡಿಸಿದ್ದೆವು. ನಮ್ಮ ಅರ್ಜಿಯಲ್ಲಿ 'ಸಭ್ಯ ನಾಗರಿಕರ ಅನುಕೂಲಕ್ಕಾಗಿ' ಎಂಬ ಪದಗಳಿದ್ದವು. ಸಭ್ಯ ಎಂಬುದು ಸಭೆಯಿಂದ ಬಂದ ಪದ. ಸಭೆಯಲ್ಲಿ ಕೂರಲು ತಕ್ಕವನು ಎಂದರ್ಥ. ಸಭೆಗೆ ಯಾರು ತಕ್ಕವರೆಂಬುದನ್ನು ನಾವು ನಿರ್ಧರಿಸಿ, ಆಮೇಲೆ ಒಳಗೆ ಉಳಿದವರನ್ನು ಸಭ್ಯರೆಂದು ಕರೆದೆವು. ಇಸ್ಪೀಟಿಗೂ ಬೀಡಿಗೂ ಬೇರೆ ಮದ್ದಿತ್ತು: ಒಬ್ಬ ಕಾವಲುಗಾರ, ಒಂದು ಕಸದ ಬುಟ್ಟಿ. ಬೀಗ ಹಾಕುವುದು ಅಗ್ಗವಾಗಿತ್ತು, ಅದರ ಬೆಲೆ ತೆರುವವರು ಬೇರೆಯವರಾಗಿದ್ದರು. ಇಂಥದೇ ಪದ್ಧತಿ ಬೆಂಗಳೂರಿನ ಪಾಲಿಕೆಯ ಉದ್ಯಾನಗಳಲ್ಲೂ ಬಹುಕಾಲ ಇತ್ತು. 2024ರಲ್ಲಿ ಅಲ್ಲಿಯ ಉದ್ಯಾನಗಳನ್ನು ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಬಿಡುವಿಲ್ಲದೆ ತೆರೆದಿಡುವ ತೀರ್ಮಾನವಾಯಿತು. ಆ ಸುದ್ದಿಯನ್ನು ಕತ್ತರಿಸಿಟ್ಟುಕೊಂಡು ನಾವು ಇನ್ನೊಂದು ಅರ್ಜಿ ಬರೆದಿದ್ದೇವೆ, ಹಿಂದಿನ ಅರ್ಜಿಯನ್ನು ಹಿಂತೆಗೆದುಕೊಳ್ಳುತ್ತೇವೆಂದು. ಮೊದಲನೆಯದಕ್ಕೆ ಹದಿನೈದು ಜನ ಸಹಿ ಮಾಡಿದ್ದರು, ಇದಕ್ಕೆ ನಾಲ್ವರು. ಬಾಗಿಲು ಹಾಕಿಸುವಷ್ಟು ಸುಲಭವಲ್ಲ ತೆಗೆಸುವುದು.

ಬೆಂಗಳೂರಿನ ಮಾತು ಬಂದಾಗ ಇನ್ನೆರಡು ಸಂಗತಿ. 1870ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿ ರೂಪಿಸಿದ ಕಬ್ಬನ್ ಉದ್ಯಾನವನ್ನು ನೋಡದವರು ನಮ್ಮಲ್ಲಿ ವಿರಳ. ಆದರೆ ಸದಾಶಿವನಗರದ ಕಡೆಯ ರಾಜಮಹಲ್ ವಿಲಾಸ ಬಡಾವಣೆಯ ಒಂದು ಪುಟ್ಟ ಜಾಗದ ಕಥೆ ಅದಕ್ಕಿಂತ ಮುಖ್ಯವೆಂದು ನಮಗೆ ತೋರುತ್ತದೆ. ನಕ್ಷೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಆ ಜಾಗವನ್ನು ಖಾಸಗಿ ಆಸ್ಪತ್ರೆಯೊಂದಕ್ಕೆ ಕೊಟ್ಟಾಗ ಅಲ್ಲಿಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಆಸ್ಪತ್ರೆಯೂ ಜನರಿಗೇ ಅಲ್ಲವೆ ಎಂಬ ವಾದ ಬಂತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜನರಿಗೆ ಮೀಸಲಾದ ಉದ್ಯಾನವನ್ನು ಹೀಗೆ ಬೇರೊಂದಕ್ಕೆ ಬದಲಿಸಲು ಬಾರದೆಂದು ತೀರ್ಪಿತ್ತಿತು. ಬಯಲು ಜಾಗವೆಂದರೆ ಇನ್ನೂ ಯಾವುದಕ್ಕೂ ಬಳಕೆಯಾಗದೆ ಖಾಲಿ ಬಿದ್ದಿರುವ ನೆಲವೆಂದು ತಿಳಿಯುವ ನಮ್ಮಂಥವರು ಆ ತೀರ್ಪನ್ನು ಓದಬೇಕು. ಖಾಲಿಯಾಗಿರುವುದೇ ಅದರ ಬಳಕೆ.

ಎರಡನೆಯ ಸಂಗತಿ ಮಕ್ಕಳದು. ವಿಶೇಷ ಅಗತ್ಯಗಳುಳ್ಳ ಮಕ್ಕಳ ತಂದೆತಾಯಂದಿರು ಕೂಡಿ ಬೆಂಗಳೂರಿನಲ್ಲಿ 'ಕಿಲಿಕಿಲಿ' ಎಂಬ ಸಂಸ್ಥೆಯನ್ನು ಕಟ್ಟಿಕೊಂಡರು. ಅವರು ಪಾಲಿಕೆಯ ಜೊತೆಗೂಡಿ ಕೋಲ್ಸ್ ಪಾರ್ಕ್, ಬಸವನಗುಡಿಯ ಎಂ. ಎನ್. ಕೃಷ್ಣರಾವ್ ಪಾರ್ಕ್, ರಾಜಾಜಿನಗರದ ಗಾಯತ್ರಿದೇವಿ ಪಾರ್ಕ್‌ಗಳಲ್ಲಿ ಎಲ್ಲ ಮಕ್ಕಳೂ ಆಡಬಹುದಾದ ಆಟದ ಜಾಗಗಳನ್ನು ರೂಪಿಸಿದರು. ಅವರ ಪಟ್ಟು ಒಂದು ವಿಷಯದಲ್ಲಿ: ವಿಶೇಷ ಮಕ್ಕಳಿಗೆಂದು ಬೇರೆಯೇ ಉದ್ಯಾನ ಬೇಡ, ಇದ್ದ ಉದ್ಯಾನದಲ್ಲಿಯೇ ಎಲ್ಲರೂ ಒಟ್ಟಿಗೆ ಆಡಬೇಕು. ಶಾಲೆಯವರಾದ ನಮಗೆ ಇದರ ಬೆಲೆ ಗೊತ್ತಾಗಬೇಕಿತ್ತು. ಬೇರೆ ಕೂರಿಸಿ ಒಂದು ಬಾಳೆಹಣ್ಣು ಹೆಚ್ಚು ಕೊಡುವುದಕ್ಕೂ, ಒಂದೇ ಜೋಕಾಲಿಗೆ ಸರದಿ ಕಾಯುವುದಕ್ಕೂ ಎಷ್ಟು ಅಂತರ! ಸರದಿ ತಪ್ಪಿದರೆ ಜಗಳವಾಗುತ್ತದೆ. ಆ ಜಗಳವಾಡುವ ಹಕ್ಕೂ ಬಾಲ್ಯದ ಒಂದು ಪಾಲು.

ಕಾನೂನಿನ ಕೊರತೆಯೇನೂ ಇಲ್ಲ. 1995ರಲ್ಲಿ ಒಂದು ಅಧಿನಿಯಮ ಬಂತು; 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಗುರುತಿಸಿ, ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷಗಳೊಳಗೆ ಎಲ್ಲರಿಗೂ ಬಳಸಲು ಬರುವಂತೆ ಮಾಡಬೇಕೆಂದಿತು, ಮನರಂಜನೆ ಕ್ರೀಡೆಗಳನ್ನೂ ಹೆಸರಿಸಿತು. 2011ರ ಜನಗಣತಿಯಂತೆ ದೇಶದಲ್ಲಿ ಇಂಥವರು 2.68 ಕೋಟಿ. 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯ ಒಂದು ಗಮನಾರ್ಹ ಮಾತು ಹೇಳಿತು: ಆ ಕಾನೂನಿನ ಕೆಳಗೆ ಮಾಡಿದ ಒಂದು ನಿಯಮ ಕೇವಲ ಸಲಹೆಯ ರೂಪದಲ್ಲಿದೆ, ಕಡ್ಡಾಯದ ಮಾನದಂಡಗಳು ಬೇಕೆಂದು. ಶಾಲೆ ನಡೆಸಿದವರಿಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ. ನೋಟೀಸಿನಲ್ಲಿ 'ಬರತಕ್ಕದ್ದು' ಎಂದು ಬರೆದರೆ ಅರ್ಧ ಜನ ಬರುತ್ತಾರೆ. 'ಬಂದರೆ ಒಳಿತು' ಎಂದು ಬರೆದರೆ ಬರೆದವನೊಬ್ಬನೇ ಬರುತ್ತಾನೆ.

ಮಾನದಂಡವೂ ಬ್ರಹ್ಮವಿದ್ಯೆಯೇನಲ್ಲ. ಒಂದು ಅಡಿ ಎತ್ತರ ಏರಬೇಕಾದರೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಬಾಗಿಲು ಸುಮಾರು ಮೂರು ಅಡಿ ಅಗಲವಿರಬೇಕು. ಏಳನೆಯ ತರಗತಿಯ ಅನುಪಾತದ ಲೆಕ್ಕ ಅಷ್ಟೆ. ಶಿಷ್ಯನ ಭೇಟಿಯಾದ ಮರುದಿನ ನಾವು ಟೇಪು ಒಯ್ದು ಕೊಳವೆಗಳ ನಡುವಣ ಅಂತರ ಅಳೆದೆವು. ಒಂದೂಮುಕ್ಕಾಲು ಅಡಿ. ಕಾವಲಿನವನು ಅನುಮಾನದಿಂದ ನೋಡಿ, "ಏನ್ ಸಾರ್, ಟೆಂಡರ್ ಹಿಡಿದೀರಾ?" ಎಂದ. ಅಳೆಯುತ್ತಿದ್ದಾಗ ಇನ್ನೊಂದು ಸಂಗತಿ ತಿಳಿಯಿತು. ಆ ಸಂದಿಯಲ್ಲಿ ಸಿಕ್ಕಿಹಾಕಿಕೊಳ್ಳುವವನು ನಮ್ಮ ಶಿಷ್ಯನೊಬ್ಬನೇ ಅಲ್ಲ. ತುಂಬುಗರ್ಭಿಣಿಯೊಬ್ಬಳು ನೋಡಿಯೇ ಹಿಂದಿರುಗಿದಳು. ಮೊಮ್ಮಗುವನ್ನು ತಳ್ಳುಗಾಡಿಯಲ್ಲಿ ತಂದ ಅಜ್ಜಿ ಮಗುವನ್ನು ಎತ್ತಿಕೊಂಡು ಗಾಡಿಯನ್ನು ಹೊರಗೆ ಬಿಟ್ಟಳು. ನಮ್ಮ ಮನೆಯವರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷ, ಊರುಗೋಲಿನವರು. "ನನಗ್ಯಾಕೋ ಆ ಪಾರ್ಕು ಸೇರೋದಿಲ್ಲ, ನೀವು ಹೋಗಿಬನ್ನಿ" ಎಂದು ಅವರು ಅಷ್ಟು ದಿನ ಹೇಳುತ್ತಿದ್ದದ್ದರ ಅರ್ಥ ನಮಗೆ ಹೊಳೆದದ್ದು ಆ ಟೇಪು ಕೈಯಲ್ಲಿದ್ದಾಗ. ಕೇಳಿದಾಗ ಅವರು ಇಷ್ಟೇ ಹೇಳಿದರು: "ಎಲ್ಲರೂ ನೋಡ್ತಾ ನಿಂತಿರ್ತಾರೆ, ಎಷ್ಟು ಹೊತ್ತು ತೂರೋದು?"

ಹಾಗಾದರೆ ಗುಡ್ಡಕ್ಕೂ ಇಳಿಜಾರು ಕೊರೆಯಬೇಕೆ? ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಬಾರದು. ಆದವಾನಿಯ ಕೋಟೆ ಐದು ಗುಡ್ಡಗಳ ಮೇಲೆ ಹಬ್ಬಿದೆ. ಬಾರಾಕಿಲ್ಲಾ, ತಾಲಿಬಂಡಾ ಗುಡ್ಡಗಳು ಬಯಲಿನಿಂದ ಸುಮಾರು ಎಂಟುನೂರು ಅಡಿ ಎತ್ತರ. ಒಂದರ ಹೆಸರೇ ಹಜಾರಸೀಡಿ, ಸಾವಿರ ಮೆಟ್ಟಿಲು. ಶತ್ರು ಏರಬಾರದೆಂದೇ ಆರಿಸಿಕೊಂಡ ಎತ್ತರವದು. ಅದನ್ನು ಸೀಳಿ ರಸ್ತೆ ಮಾಡಿದರೆ ಕೋಟೆ ಉಳಿಯದು, ಬರೀ ರಸ್ತೆ ಉಳಿದೀತು. ಪ್ರಕೃತಿ ಇಟ್ಟ ಅಡ್ಡಿಗೆ ನಾವು ಹೊಣೆಗಾರರಲ್ಲ. ನಾವು ಇಟ್ಟ ಅಡ್ಡಿಗೆ ಹೊಣೆಗಾರರು ಎಂಬ ವಿಭಜನೆ ಮೊದಲ ನೋಟಕ್ಕೆ ಸರಿಯೆನಿಸುತ್ತದೆ. ನಾವೂ ಹಾಗೆಯೇ ಬರೆದು ಮುಗಿಸಲಿದ್ದೆವು. ಆದರೆ ಅದು ನಮ್ಮ ಚಪ್ಪಲಿಯ ಪ್ರಸಂಗಕ್ಕೆ ಹೊಂದುವುದಿಲ್ಲ. ಗುಡ್ಡವನ್ನು ನಾವು ಇಡಲಿಲ್ಲ, ನಿಜ. ಪ್ರತಿವರ್ಷ ಗುಡ್ಡಕ್ಕೇ ಹೋಗಬೇಕೆಂದು ನಿರ್ಧರಿಸಿದವರು ಯಾರು?

ಇದನ್ನು ನಮಗೆ ತಿಳಿಸಿದವನೂ ಅವನೇ. ಮಾರನೆಯ ವಾರ ಅವನ ಮನೆಗೆ ಹೋಗಿ, ಆ ದಿನಗಳಲ್ಲಿ ನಿನಗೆ ಏನು ಮಾಡಿದ್ದರೆ ಸರಿಹೋಗುತ್ತಿತ್ತಪ್ಪಾ ಎಂದು ಕೇಳಿದೆವು. ಯಾರಾದರೂ ಹೊತ್ತುಕೊಂಡು ಹೋಗಬೇಕಿತ್ತು ಎಂದಾನೆಂದು ನಮ್ಮ ಊಹೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಮೂರು ವರ್ಷದಾಗ ಒಂದು ವರ್ಷ ರಾಮಜಲದ ದಂಡೀಗೆ ಹೋಗಬಹುದಿತ್ತಲ್ಲ ಸಾರ್. ಅಲ್ಲಿ ನಾನೂ ಬರ್ತಿದ್ದೆ" ಎಂದ. ಮತ್ತೆ, "ಇಲ್ಲಾಂದ್ರ ನನ್ನ ಜೊತಿಗೆ ಯಾರಾದ್ರೂ ಒಬ್ಬರು ಕೆಳಗ ಕೂತಿದ್ರೂ ಆಗ್ತಿತ್ತು" ಎಂದ. ರಾಮಜಲದ ಕೆರೆ ಗುಡ್ಡದ ಮಗ್ಗುಲಲ್ಲೇ ಇದೆ. ಮೂರು ವರ್ಷ ಶಿಕ್ಷಕರ ಕೊಠಡಿಯಲ್ಲಿ ಚಹಾ ಕುಡಿಯುತ್ತ ಪ್ರವಾಸದ ಬಸ್ಸು, ಬುತ್ತಿ, ಮಳೆ ಎಲ್ಲವನ್ನೂ ಚರ್ಚಿಸಿದ ಐವರು ಪದವೀಧರರಿಗೆ ಅದು ಹೊಳೆದಿರಲಿಲ್ಲ. ಅವನನ್ನು ನಾವು ಕೇಳಲೂ ಇಲ್ಲ. ಕೇಳಿದ್ದರೆ ಹನ್ನೆರಡರ ಹುಡುಗ ಅಂದೇ ಹೇಳುತ್ತಿದ್ದ.

ಬರಲಾರದವನ ಬಳಿಗೆ ತಾನೇ ಹೋಗುವುದು ನಮ್ಮ ಸಂಪ್ರದಾಯಕ್ಕೆ ತಿಳಿಯದ ಮಾತೂ ಅಲ್ಲ. ಗರ್ಭಗುಡಿಯ ಮೂಲಮೂರ್ತಿ ಕದಲುವುದಿಲ್ಲ, ಅದಕ್ಕಾಗಿ ಉತ್ಸವಮೂರ್ತಿಯಿದೆ. ಹಾಸಿಗೆ ಹಿಡಿದ ಮುದುಕಿಯ ಬಾಗಿಲಿಗೆ ದೇವರೇ ಪಲ್ಲಕ್ಕಿಯಲ್ಲಿ ಬಂದು ಒಂದು ಗಳಿಗೆ ನಿಲ್ಲುತ್ತಾನೆ, ಅವಳು ಹೊಸ್ತಿಲಿಂದಲೇ ಕಾಯಿ ಒಡೆಸುತ್ತಾಳೆ. ಏರಲಾರದವರಿಗಾಗಿ ಇಳಿದು ಬರುವ ದೇವರನ್ನು ಕಲ್ಪಿಸಿಕೊಂಡ ಜನ ನಾವು. ಆ ಪಲ್ಲಕ್ಕಿ ಎಲ್ಲ ಕೇರಿಗೂ ಹೋಗುತ್ತಿರಲಿಲ್ಲವೆಂಬುದನ್ನೂ ಮರೆಯುವಂತಿಲ್ಲ. ಊರ ಕೊನೆಯ ಕೇರಿಯ ತಿರುವಿನಲ್ಲಿ ಅದು ಹಿಂದಿರುಗುತ್ತಿದ್ದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕಲ್ಪನೆ ದೊಡ್ಡದಿತ್ತು, ದಾರಿ ಚಿಕ್ಕದಿತ್ತು.

ಇಷ್ಟು ಬರೆದು ಲೇಖನವನ್ನು ಸಂಪಾದಕರಿಗೆ ಒಪ್ಪಿಸಬೇಕೆಂದಿದ್ದಾಗ ಇನ್ನೊಂದು ಸಂಗತಿ ಎದುರಾಯಿತು. ನಮ್ಮ ಶಿಷ್ಯ ಕವಿತೆ ಬರೆಯುತ್ತಾನೆ. ಮಿಲ್ಲಿನ ಲೆಕ್ಕದ ಹಳೆಯ ಹಾಳೆಗಳ ಬೆನ್ನಿನ ಮೇಲೆ, ದುಂಡನೆಯ ಕನ್ನಡ ಅಕ್ಷರಗಳಲ್ಲಿ. ಈ ಸಲದ ಕವಿಗೋಷ್ಠಿಯಲ್ಲಿ ಓದಬಾರದೇಕೆ ಎಂದು ನಾವೇ ಒತ್ತಾಯಿಸಿ ಹೆಸರು ಕೊಡಿಸಿದೆವು. ಆಮೇಲೆ ನೆನಪಾದದ್ದು ಸಮಾವೇಶದ ವೇದಿಕೆ. ಟೇಪು ಹೇಗೂ ಚೀಲದಲ್ಲಿತ್ತು. ಸಭಾಂಗಣಕ್ಕೆ ಹೋಗಿ ಅಳೆದೆವು. ವೇದಿಕೆಯ ಎತ್ತರ ಮೂರು ಅಡಿ, ಪಕ್ಕದಲ್ಲಿ ಐದು ಮೆಟ್ಟಿಲು. ಒಂದಕ್ಕೆ ಹನ್ನೆರಡರಂತೆ ಮೂವತ್ತಾರು ಅಡಿ ಇಳಿಜಾರು ಬೇಕು. ಗೋಡೆಗೂ ಮೆಟ್ಟಿಲಿಗೂ ನಡುವೆ ಇರುವುದು ಹದಿನಾಲ್ಕು ಅಡಿ. ನಾಲ್ಕು ಜನ ಕುರ್ಚಿಸಮೇತ ಎತ್ತಿ ಮೇಲಿಡೋಣ, ಅದರಲ್ಲೇನು ಎಂದು ಕಾರ್ಯಕಾರಿ ಸಮಿತಿಯ ಮಿತ್ರರು ಪ್ರೀತಿಯಿಂದಲೇ ಹೇಳಿದರು. ಅವನನ್ನು ಕೇಳಿದೆವು. "ಎತ್ತೋದು ಬ್ಯಾಡ ಸಾರ್, ಅದಕ್ಕ ನಾ ಬರೋದೇ ಇಲ್ಲ" ಎಂದ.

ಆದ್ದರಿಂದ ಸಮಿತಿಗೆ ನಮ್ಮದೊಂದು ಪತ್ರ ಹೋಗಿದೆ. ಕವಿಗೋಷ್ಠಿಯನ್ನು ವೇದಿಕೆಯ ಮೇಲೆ ನಡೆಸದೆ ಅದರ ಮುಂದಿನ ನೆಲದ ಮೇಲೆ ನಡೆಸೋಣ, ಮೈಕು ಕೆಳಗಿಳಿಸೋಣ, ಅಧ್ಯಕ್ಷರೂ ಕವಿಗಳೂ ಶ್ರೋತೃಗಳೂ ಒಂದೇ ಮಟ್ಟದಲ್ಲಿ ಕೂರೋಣ, ಹಿಂದಿನ ಸಾಲಿನವರಿಗೆ ಕಾಣದಿದ್ದರೆ ಕುರ್ಚಿಗಳನ್ನು ಅರ್ಧಚಂದ್ರಾಕಾರವಾಗಿ ಹಾಕೋಣ ಎಂದು. ಅಧ್ಯಕ್ಷಪೀಠ ಕೆಳಗಿರುವುದು ಶೋಭೆಯಲ್ಲವೆಂದು ಇಬ್ಬರು ಹೇಳಿದ್ದಾರೆ. ಇಬ್ಬರು ಸುಮ್ಮನಿದ್ದಾರೆ. ಶಾಮಿಯಾನದವನು ಮಾತ್ರ, "ನಂಗೇನ್ ಸಾರ್, ಎಲ್ಲಿ ಹೇಳಿದ್ರ ಅಲ್ಲಿ ಹಾಕ್ತೀನಿ" ಎಂದಿದ್ದಾನೆ. ಈ ಸಂಚಿಕೆ ತಮ್ಮ ಕೈಸೇರುವ ದಿನ ತಾವು ಸಭಾಂಗಣದಲ್ಲಿಯೇ ಇರುತ್ತೀರಿ. ಮೈಕು ಎಲ್ಲಿದೆಯೆಂದು ತಲೆಯೆತ್ತಿ ನೋಡಿದರೆ ಸಮಿತಿಯ ತೀರ್ಮಾನ ತಿಳಿಯುತ್ತದೆ.